ಒಂಟಿ ಹೆಗಲಿನ ಸಂಸಾರ

(ಗ್ರಾಮಾಂತರ ದಂಪತಿಗಳ ಸಭೆಯೊಂದರಲ್ಲಿ ನಿವೃತ್ತ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಮಾಡಿದ ಭಾಷಣ)



ಇದು ದಂಪತಿಗಳ ಸಭೆ. ಗಂಡ ಹೆಂಡಿರಿಬ್ಬರೂ ಜೊತೆಯಾಗಿ ಬಂದು ಕುಳಿತಿರುವ ಇಂಥ ಕಡೆ, ಗಂಡನನ್ನು ಕಳೆದುಕೊಂಡು ಒಬ್ಬಳೇ ಮಕ್ಕಳನ್ನು ಸಾಕಿದ ನನ್ನಂಥವಳನ್ನು ಮಾತನಾಡಲು ಕರೆದುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಒಳ್ಳೆಯ ಮಾತನ್ನಾಡಬೇಕಾದೆಡೆ ಅಶುಭದ ಪ್ರಸ್ತಾಪವೇಕೆಂದು ಹಿರಿಯರು ನೊಂದುಕೊಳ್ಳಲೂಬಹುದು. ಆದರೆ ಮಳೆಗಾಲಕ್ಕೆ ಮುಂಚೆ ಮನೆಯ ಹೆಂಚು ಕೈಯಾಡಿಸುವುದನ್ನು ನಾವು ಯಾರೂ ಅಶುಭವೆನ್ನುವುದಿಲ್ಲ. ಅದು ಸಂಸಾರವಂತರ ಲಕ್ಷಣವೆನ್ನುತ್ತೇವೆ. ನಾನು ಹೇಳಹೊರಟಿರುವುದೂ ಅಂಥದೇ ಒಂದು ಕೆಲಸವನ್ನು ಕುರಿತು.

ತಾಯಿಯೊಬ್ಬಳೇ ಅಥವಾ ತಂದೆಯೊಬ್ಬನೇ ನಡೆಸುವ ಸಂಸಾರಗಳು ಪ್ರತಿ ಊರಿನಲ್ಲಿಯೂ ಇವೆ. ಕೆಲವರ ಸಂಗಾತಿ ತೀರಿಕೊಂಡಿರುತ್ತಾರೆ. ಕೆಲವರನ್ನು ಗಂಡ ಬಿಟ್ಟುಹೋಗಿರುತ್ತಾನೆ. ಇನ್ನು ಕೆಲವರ ಗಂಡಂದಿರು ದುಡಿಮೆಗೆಂದು ದೂರದ ಪಟ್ಟಣ ಸೇರಿ ಹಬ್ಬಕ್ಕೊಮ್ಮೆ ಬರುತ್ತಾರೆ. ಲೆಕ್ಕಕ್ಕೆ ಇಬ್ಬರಿದ್ದರೂ ಹೊರುವ ಹೆಗಲು ಒಂದೇ. ಜೋಡೆತ್ತಿನ ಗಾಡಿಗೂ ಒಂಟೆತ್ತಿನ ಗಾಡಿಗೂ ಕಟ್ಟುಮಾಡು ಬೇರೆ ಎಂಬುದನ್ನು ರೈತರಾದ ತಮಗೆ ನಾನು ಹೇಳಬೇಕಾಗಿಲ್ಲ. ಜೋಡಿ ನೊಗವನ್ನು ಒಂದೇ ಎತ್ತಿನ ಹೆಗಲ ಮೇಲಿಟ್ಟರೆ ಗಾಡಿ ವಾಲುತ್ತದೆ. ಎತ್ತಿಗೆ ಬಲ ಸಾಲದೆಂದು ನಾವು ಬೈಯುತ್ತೇವೆ. ತಪ್ಪು ಇರುವುದು ನೊಗದಲ್ಲಿ. ನನ್ನ ಸಂಸಾರವೂ ಹಾಗೆಯೇ ವಾಲಿ ನಿಂತಿತ್ತು. ಅದನ್ನು ನೆಟ್ಟಗೆ ಮಾಡಿಕೊಂಡ ಬಗೆಯನ್ನು ತಮ್ಮ ಮುಂದಿಡುತ್ತೇನೆ.

ನೋಟುಪುಸ್ತಕದ ಕೊನೆಯ ಹಾಳೆಗಳು

ನಮ್ಮದು ತಿಪಟೂರು ಸೀಮೆಯ ಒಂದು ಸಣ್ಣ ಹಳ್ಳಿ. ಎರಡು ಎಕರೆ ತೆಂಗಿನ ತೋಟ, ಒಂದು ಎಕರೆ ರಾಗಿ ಹೊಲ, ಎರಡು ಹಸು. ನಾನು 1990ರಲ್ಲಿ ಊರಿನ ಅಂಗನವಾಡಿ ಕಾರ್ಯಕರ್ತೆಯಾಗಿ ಸೇರಿದೆ. ನಮ್ಮ ಯಜಮಾನರು ತೋಟ ನೋಡಿಕೊಳ್ಳುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಸುತ್ತಣ ಹಳ್ಳಿಗಳವರು ಅವರನ್ನು ಪೆಟ್ಟಿಗೆ ಮೇಷ್ಟ್ರೆಂದೇ ಕರೆಯುತ್ತಿದ್ದರು. 1998ರ ಒಂದು ರಾತ್ರಿ, ಕರೆಂಟು ಬಂದಿತೆಂದು ತೋಟಕ್ಕೆ ನೀರು ಹಾಯಿಸಲು ಹೋದವರನ್ನು ಹಾವು ಕಚ್ಚಿತು. ಬೆಳಗಾಗುವಷ್ಟರಲ್ಲಿ ನಾನು ಒಬ್ಬಳಾಗಿದ್ದೆ. ಆಗ ಮಗನಿಗೆ ಹನ್ನೊಂದು ವರ್ಷ, ಮಗಳಿಗೆ ಏಳು.

ತಿಥಿ ಮುಗಿದ ಮೂರನೆಯ ದಿನ ಇಬ್ಬರು ಮನೆಯ ಜಗಲಿಗೆ ಬಂದು ಕುಳಿತರು. ನಮ್ಮ ಯಜಮಾನರು ಒಬ್ಬರಿಗೆ ಮೂರೂವರೆ ಸಾವಿರ, ಇನ್ನೊಬ್ಬರಿಗೆ ಐದು ಸಾವಿರ ರೂಪಾಯಿ ಕೊಡಬೇಕಾಗಿತ್ತಂತೆ. ಕಾಗದಪತ್ರ ಏನೂ ಇರಲಿಲ್ಲ. ಹೌದೆನ್ನಲು ನನಗೆ ತಿಳಿಯದು, ಅಲ್ಲವೆನ್ನಲು ಬಾಯಿ ಬಾರದು. ಊರ ಮಕ್ಕಳ ತೂಕವನ್ನು ತಿಂಗಳು ತಿಂಗಳೂ ಬರೆದಿಡುತ್ತಿದ್ದ ನನಗೆ ನನ್ನ ಮನೆಯ ಸಾಲದ ತೂಕ ತಿಳಿದಿರಲಿಲ್ಲ. ಚುಚ್ಚುಮದ್ದಿನ ಕಾರ್ಡನ್ನು ಜೋಪಾನವಾಗಿಡಿರೆಂದು ತಾಯಂದಿರಿಗೆಲ್ಲ ಹೇಳುತ್ತಿದ್ದವಳು, ನಮ್ಮ ಮನೆಯ ಕಾಗದಗಳೆಲ್ಲಿವೆಯೆಂದು ಹದಿಮೂರು ವರ್ಷಗಳಲ್ಲಿ ಒಂದು ದಿನವೂ ಗಂಡನನ್ನು ಕೇಳಿರಲಿಲ್ಲ.

ಅಂದು ರಾತ್ರಿ ನಮ್ಮ ಅತ್ತೆಯವರು ಹಾರ್ಮೋನಿಯಂ ಪೆಟ್ಟಿಗೆಯೊಳಗಿದ್ದ ನಾಟಕದ ಪದಗಳ ನೋಟುಪುಸ್ತಕವನ್ನು ತಂದು ನನ್ನ ಕೈಗಿತ್ತರು. ಅದರ ಕೊನೆಯ ನಾಲ್ಕು ಹಾಳೆಗಳಲ್ಲಿ ಲೆಕ್ಕವಿತ್ತು. ಮೂರೂವರೆ ಸಾವಿರದ ಸಾಲ ತಾರೀಖಿನ ಸಮೇತ ಬರೆದಿತ್ತು. ಐದು ಸಾವಿರದ ಸುಳಿವೇ ಇರಲಿಲ್ಲ. ಅಲ್ಲದೆ, ಕೊಬ್ಬರಿಯ ಬಾಬ್ತು ನಮಗೇ ಒಬ್ಬರಿಂದ ಹನ್ನೆರಡು ನೂರು ರೂಪಾಯಿ ಬರಬೇಕಾಗಿತ್ತು. ಮರುದಿನ ಊರ ಹಿರಿಯರ ಎದುರಿಗೆ ಪುಸ್ತಕವನ್ನಿಟ್ಟೆ. ಬರೆದಿದ್ದ ಸಾಲವನ್ನು ಒಪ್ಪಿಕೊಂಡು ಎರಡು ವರ್ಷಗಳಲ್ಲಿ ತೀರಿಸಿದೆ. ಐದು ಸಾವಿರದವರು ಪುಸ್ತಕವನ್ನು ನೋಡಿ ಎದ್ದುಹೋದವರು ಮತ್ತೆ ಬರಲಿಲ್ಲ. ಹನ್ನೆರಡು ನೂರು ಕೊಡಬೇಕಾಗಿದ್ದವರು ತಾವಾಗಿಯೇ ಬಂದು ಕೊಟ್ಟುಹೋದರು. ನಾಲ್ಕು ಹಾಳೆಗಳ ಬರವಣಿಗೆ ನನ್ನ ಮಕ್ಕಳ ಅನ್ನವನ್ನು ಉಳಿಸಿತು.

ಆದರೆ ಆ ಪುಸ್ತಕದಲ್ಲಿ ಇಲ್ಲದಿದ್ದ ಒಂದು ಸಂಗತಿ ನಮ್ಮನ್ನು ಕೆಡಿಸಿತು. ಅವರು ಜೀವ ವಿಮೆ ಮಾಡಿಸಿದ್ದಾರೆಂದು ನಾನು ನಂಬಿದ್ದೆ. ಮಾಡಿಸಿದ್ದುದು ನಿಜ. ಆದರೆ ಎರಡು ವರ್ಷ ಕಂತು ಕಟ್ಟಿ, ಮೋಟಾರು ಸುಟ್ಟುಹೋದ ವರ್ಷ ನಿಲ್ಲಿಸಿಬಿಟ್ಟಿದ್ದರು. ಹೇಳಿದರೆ ನಾನು ಚಿಂತಿಸುವೆನೆಂದು ಮುಚ್ಚಿಟ್ಟಿದ್ದರು. ನನಗೆ ತಿಳಿದಿದ್ದರೆ ಒಂದು ಹಸುವಿನ ಹಾಲಿನ ಹಣದಲ್ಲಿ ಆ ಕಂತನ್ನು ಕಟ್ಟಬಹುದಾಗಿತ್ತು. ಪ್ರೀತಿಯಿಂದ ಮುಚ್ಚಿಟ್ಟ ಮಾತಾದರೂ ಅದರ ಫಲವನ್ನು ಮಕ್ಕಳೇ ಉಣ್ಣಬೇಕಾಯಿತು.

ಯಾರೂ ಅಡ್ಡಿ ಮಾಡದಿದ್ದರೂ ನಾಲ್ಕು ವರ್ಷ

ಜಮೀನಿನ ವಿಷಯವನ್ನು ಕೇಳಿರಿ. ನಮ್ಮ ಮಾವನವರು ತೀರಿಕೊಂಡು ಆಗಲೇ ಆರು ವರ್ಷಗಳಾಗಿದ್ದರೂ ಪಹಣಿ ಅವರ ಹೆಸರಿನಲ್ಲೇ ಇತ್ತು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಉಳುತ್ತಿದ್ದರು. ಪೌತಿ ಖಾತೆ ಮಾಡಿಸಲು ಇಬ್ಬರಿಗೂ ಪುರಸೊತ್ತಾಗಿರಲಿಲ್ಲ. ನನ್ನ ಮೈದುನ ಒಳ್ಳೆಯವನು, ಯಾವ ತಕರಾರನ್ನೂ ತೆಗೆಯಲಿಲ್ಲ. ಆದರೂ ಮಾವನವರ ಮರಣ ಪತ್ರ, ವಂಶವೃಕ್ಷ, ಗಂಡನ ಮರಣ ಪತ್ರ, ದೂರದ ಊರಿನಲ್ಲಿದ್ದ ನಾದಿನಿಯ ಸಹಿ ಎಂದು ಅಲೆದು, ಕಡೆಗೆ 2002ರಲ್ಲಿ ಪಹಣಿಯಲ್ಲಿ ನನ್ನ ಹೆಸರನ್ನು ಕಂಡೆ. ಅಲ್ಲಿಯವರೆಗೆ ಸಹಕಾರ ಸಂಘದ ಬೆಳೆ ಸಾಲ ನನಗೆ ದೊರೆಯಲಿಲ್ಲ. ಗೊಬ್ಬರಕ್ಕೆ ಕೈಸಾಲವನ್ನೇ ಮಾಡಬೇಕಾಯಿತು.

ಇಲ್ಲಿ ತಾವು ತಿಳಿದಿರಬೇಕಾದ ಎರಡು ಮಾತುಗಳಿವೆ. ಮೊದಲನೆಯದು, ಯಾವುದೇ ಮರಣವನ್ನು 21 ದಿನಗಳೊಳಗಾಗಿ ನೋಂದಾಯಿಸತಕ್ಕದ್ದು. ತಡವಾದಷ್ಟೂ ತೊಡಕು ಹೆಚ್ಚುತ್ತದೆ. ಎರಡನೆಯದು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಪಾಲಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರೂ ಸಮಾನ ವಾರಸುದಾರರು. ಇತರ ಧರ್ಮದವರಿಗೆ ಅವರವರ ಕಾಯಿದೆಗಳುಂಟು. ಗಂಡ ಸತ್ತ ಹೆಂಗಸಿಗೆ ಅನ್ನ ಬಟ್ಟೆಯಷ್ಟೇ ಹಕ್ಕೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೂರು ಬಗೆಯ ಹಣ, ಮೂರು ದಾರಿ

ನನಗೆ ಹಣ ಬರುತ್ತಿದ್ದುದು ಮೂರು ಕಡೆಯಿಂದ. ಹಾಲಿನ ಬಟವಾಡೆ, ಅಂಗನವಾಡಿಯ ಗೌರವಧನ, ವರುಷಕ್ಕೊಮ್ಮೆ ಕೊಬ್ಬರಿ. ಮೊದಲ ವರ್ಷ ಮೂರನ್ನೂ ಒಂದೇ ಡಬ್ಬಿಯಲ್ಲಿ ಹಾಕಿ, ಬೇಕೆಂದಾಗ ತೆಗೆದೆ. ಡಬ್ಬಿ ಸದಾ ಬರಿದು. ಕೊಬ್ಬರಿ ಅಟ್ಟದ ಮೇಲೆ ಇನ್ನೂ ಒಣಗುತ್ತಿರುವಾಗಲೇ ವ್ಯಾಪಾರಿಯಿಂದ ಮುಂಗಡ ಪಡೆದೆ. ಮುಂಗಡ ಕೊಟ್ಟವನು ಹೇಳಿದ್ದೇ ದರವಾಯಿತು.

ಮರುವರ್ಷದಿಂದ ಒಂದು ಕಟ್ಟಳೆ ಮಾಡಿಕೊಂಡೆ. ಹಾಲಿನ ಹಣ ಅಡಿಗೆಮನೆಗೆ ಮತ್ತು ಹಸುವಿನ ಹಿಂಡಿಗೆ. ಅದಕ್ಕೆ ಮೀರಿ ಖರ್ಚು ಮಾಡುವಂತಿಲ್ಲ. ಕೊಬ್ಬರಿಯ ಹಣ ಸಾಲಕ್ಕೆ, ಗೊಬ್ಬರಕ್ಕೆ, ಬಟ್ಟೆಬರೆಗೆ. ಗೌರವಧನದಲ್ಲಿ ತಿಂಗಳಿಗೆ 50 ರೂಪಾಯಿ ಮೊದಲು ಅಂಚೆ ಕಚೇರಿಯ ಆವರ್ತ ಠೇವಣಿಗೆ, ಉಳಿದುದು ಮಕ್ಕಳ ಓದಿಗೆ. ಐದು ವರ್ಷ ಕಳೆದು 2004ರಲ್ಲಿ, ಕಟ್ಟಿದ ಮೂರು ಸಾವಿರ ಬಡ್ಡಿಯೊಡನೆ ಕೈಸೇರಿತು. ಮಗನನ್ನು ಕೈಗಾರಿಕಾ ತರಬೇತಿಗೆ ಸೇರಿಸಲು ಅದೇ ಹಣ ಒದಗಿತು. ಹನಿಗೂಡಿ ಹಳ್ಳವಾಗುವುದು ನಿಜ. ಆದರೆ ಹನಿ ಒಂದೇ ಕಡೆ ಬೀಳುತ್ತಿರಬೇಕು.

ಇದೇ ಮಗನನ್ನು ಅವನ ಹನ್ನೆರಡನೆಯ ವಯಸ್ಸಿನಲ್ಲಿ ಬೆಂಗಳೂರಿನ ಹೋಟೆಲೊಂದಕ್ಕೆ ಕಳುಹಿಸಬೇಕೆಂದು ನೆಂಟರು ಹೇಳಿದ್ದರು. ಒಂದು ಬಾಯಿ ಕಡಿಮೆಯಾಗುತ್ತದೆ, ತಿಂಗಳಿಗಿಷ್ಟು ಹಣವೂ ಬರುತ್ತದೆ ಎಂಬುದು ಅವರ ವಾದ. ಹುಡುಗನೂ ಒಪ್ಪಿದ್ದ. "ಅಪ್ಪನ ಜಾಗದಲ್ಲಿ ನಾನಿದ್ದೇನೆ, ಶಾಲೆ ಬೇಡಮ್ಮ" ಎಂದ. ಅಂದು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಅವನಿಗೆ ಹೇಳಿದೆ: "ಅಪ್ಪನ ಜಾಗ ಖಾಲಿಯಾಗಿಯೇ ಇರಲಿ ಮಗು, ನೀನು ನಿನ್ನ ಜಾಗದಲ್ಲಿರು." ಒಂಟಿ ತಾಯಿತಂದೆಯರು ಮಾಡುವ ದೊಡ್ಡ ತಪ್ಪು ಹಿರಿಯ ಮಗುವನ್ನು ಮನೆಯ ಯಜಮಾನನನ್ನಾಗಿ ಮಾಡುವುದು. ಕೆಲಸದಲ್ಲಿ ಪಾಲು ಕೊಡಿ, ಚಿಂತೆಯಲ್ಲಿ ಬೇಡ.

ಕೆಲಸದಲ್ಲಿ ಮಾತ್ರ ಇಬ್ಬರಿಗೂ ಪಾಲಿತ್ತು. ಬೆಳಿಗ್ಗೆ ಐದಕ್ಕೆ ನಾನು ಹಾಲು ಕರೆಯುವಾಗ ಮಗಳು ಕಸ ಗುಡಿಸುವಳು; ಮಗ ಹಾಲಿನ ಕ್ಯಾನನ್ನು ಡೈರಿಗೆ ಒಯ್ದು ಬಂದು ಒಲೆಯ ಮೇಲೆ ಎಸರಿಡುವನು. ಮುದ್ದೆ ತೊಳಸುವುದನ್ನು ಅವನಿಗೆ ಅಜ್ಜಿಯೇ ಕಲಿಸಿದರು. ಗಂಡುಹುಡುಗ ಒಲೆಯ ಮುಂದೆ ಕುಳಿತನೆಂದು ನಕ್ಕವರಿಗೆ, "ಉಣ್ಣುವುದಕ್ಕೆ ಗಂಡು, ತೊಳಸುವುದಕ್ಕೆ ಹೆಣ್ಣೇ ಆಗಬೇಕೇನು?" ಎಂದು ಅತ್ತೆಯವರು ಉತ್ತರ ಕೊಟ್ಟರು. ನಮಗೆ ಇಬ್ಬರೇ ಮಕ್ಕಳು, ಇಬ್ಬರ ನಡುವೆ ನಾಲ್ಕು ವರ್ಷಗಳ ಅಂತರ. ಕೈಗೂಸೊಂದು ಕಂಕುಳಲ್ಲಿ ಇದ್ದಿದ್ದರೆ ಈ ಗಾಡಿಯನ್ನು ಎಳೆಯಬಲ್ಲವಳಾಗಿದ್ದೆನೋ ಇಲ್ಲವೋ ಹೇಳಲಾರೆ.

ಮಾರದೆ ಉಳಿಸಿದ ಹಾರ್ಮೋನಿಯಂ

ಕೈ ತೀರ ಬಿಗಿಯಾಗಿದ್ದ ದಿನಗಳಲ್ಲಿ ಪಕ್ಕದೂರಿನ ನಾಟಕ ಮಂಡಳಿಯವರೊಬ್ಬರು ಹಾರ್ಮೋನಿಯಂಗೆ ಎರಡು ಸಾವಿರ ಕೊಡುತ್ತೇನೆಂದು ಬಂದರು. ನಾನು ಕೊಡಲು ಸಿದ್ಧಳಿದ್ದೆ. ಅತ್ತೆಯವರು ಒಪ್ಪಲಿಲ್ಲ. "ಮಾರಿದರೆ ಎರಡು ತಿಂಗಳು ತಿಂದೇವು. ಇಟ್ಟುಕೊಂಡರೆ ಮಕ್ಕಳಿಗೆ ಅವರಪ್ಪನ ದನಿ ಉಳಿಯುತ್ತದೆ" ಎಂದರು. ಪೆಟ್ಟಿಗೆ ಉಳಿಯಿತು. ಮಗಳು ಸಂಜೆ ಅದರ ಮುಂದೆ ಕುಳಿತು, ತಂದೆಯ ಜೊತೆಗಾರರೊಬ್ಬರಿಂದ ಸ್ವರ ಕಲಿತಳು.

ಮೂರನೆಯ ವರ್ಷ ನಾನೂ ಶನಿವಾರ ರಾತ್ರಿ ಆಂಜನೇಯನ ಗುಡಿಯ ಭಜನೆಗೆ ಹೋಗತೊಡಗಿದೆ. ಗಂಡ ಸತ್ತವಳಿಗೆ ಹಾಡು ಬೇಕಾಯಿತೇ ಎಂದು ಆಡಿಕೊಂಡವರಿದ್ದರು. ಮುಂದಿನ ಶನಿವಾರ ಅತ್ತೆಯವರೇ ನನ್ನ ಕೈಹಿಡಿದುಕೊಂಡು ಬಂದು, ಎಲ್ಲರ ನಡುವೆ ಕೂರಿಸಿ, ಪಕ್ಕದಲ್ಲಿ ತಾವೂ ಕುಳಿತರು. ಆಮೇಲೆ ಯಾರೂ ಮಾತನಾಡಲಿಲ್ಲ. ವಾರಕ್ಕೆ ಆ ಒಂದು ಗಂಟೆ ನನಗೆ ಇಡೀ ವಾರ ದುಡಿಯುವ ಶಕ್ತಿಯನ್ನು ಕೊಡುತ್ತಿತ್ತು. ಭಜನೆಯೋ, ಹೂವಿನ ಗಿಡವೋ, ಹೊಲಿಗೆಯೋ, ರೇಡಿಯೋ ಕೇಳುವುದೋ, ತನಗೆಂದು ಒಂದು ಹವ್ಯಾಸ ಇಟ್ಟುಕೊಳ್ಳುವುದು ಐಶ್ವರ್ಯವಂತರ ಸೊಗಸಲ್ಲ; ಒಂಟಿಯಾಗಿ ದುಡಿಯುವವರಿಗೆ ಅದು ಅವಶ್ಯಕ. ದುಃಖವು ವಾರಗಟ್ಟಲೆ ನಿದ್ದೆಯನ್ನೂ ಊಟವನ್ನೂ ಕೆಡಿಸುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಎಣ್ಣೆ ಮತ್ತು ಬಾಚಣಿಗೆ

ಇದುವರೆಗೆ ಹೆಂಗಸಿನ ಕಷ್ಟವನ್ನು ಹೇಳಿದೆ. ಗಂಡಸಿನ ಕಷ್ಟ ಬೇರೊಂದು ಬಗೆ. ನಮ್ಮ ಬೀದಿಯ ಒಬ್ಬ ಅಣ್ಣನವರ ಹೆಂಡತಿ ಕಾಯಿಲೆಯಿಂದ ತೀರಿಕೊಂಡರು. ಹಣಕಾಸಿನಲ್ಲಿ ಅವರು ಗಟ್ಟಿಗರು. ಪಹಣಿ, ಪಾಸುಪುಸ್ತಕ ಎಲ್ಲವೂ ಅವರ ಬೆರಳ ತುದಿಯಲ್ಲಿ. ಆದರೆ ಒಂದು ಬೆಳಿಗ್ಗೆ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು, ಕೈಯಲ್ಲಿ ಎಣ್ಣೆಯ ಬಟ್ಟಲು ಮತ್ತು ಬಾಚಣಿಗೆ ಹಿಡಿದು, ಅಂಗನವಾಡಿಯ ಬಾಗಿಲಲ್ಲಿ ನಿಂತರು. "ತಂಗಿ, ಇದಕ್ಕೆ ಜಡೆ ಹಾಕಲು ನನಗೆ ಬಾರದು" ಎಂದರು. ಮಗುವಿಗೆ ಯಾವ ಚುಚ್ಚುಮದ್ದು ಆಗಿದೆ, ಯಾವುದು ಬಾಕಿ ಎಂದು ಕೇಳಿದೆ. ತಿಳಿಯದು. ತಾಯಿ ಕಾರ್ಡು ಎಲ್ಲಿದೆ? ತಿಳಿಯದು. ಯಾವ ಊಟ ಮಗುವಿಗೆ ಒಗ್ಗುವುದಿಲ್ಲ? ಅದೂ ತಿಳಿಯದು.

ನಾನು ಜಡೆ ಹಾಕಿಕೊಡಲಿಲ್ಲ, ಹಾಕುವುದನ್ನು ತೋರಿಸಿಕೊಟ್ಟೆ. ಮೂರು ವಾರಗಳ ಅನಂತರ ಆ ಮಗು ಸೊಟ್ಟಗಿನ ಎರಡು ಜಡೆಗಳೊಡನೆ ಬಂದು, ತನಗೆ ಅಪ್ಪನೇ ಹಾಕಿದರೆಂದು ಎಲ್ಲರಿಗೂ ತೋರಿಸಿತು. ನಮ್ಮ ಯಜಮಾನರು ಬದುಕಿದ್ದು ನಾನು ಸತ್ತಿದ್ದರೆ ಅವರೂ ಹೀಗೆಯೇ ಯಾರದೋ ಬಾಗಿಲಲ್ಲಿ ನಿಲ್ಲುತ್ತಿದ್ದರಲ್ಲವೇ ಎಂದು ಅಂದು ನನಗೆ ಅನ್ನಿಸಿತು. ನಾನು ಹೊರಗಿನ ಲೆಕ್ಕ ಕೇಳಿರಲಿಲ್ಲ, ಅವರು ಒಳಗಿನ ಲೆಕ್ಕ ಕೇಳಿರಲಿಲ್ಲ. ಹದಿಮೂರು ವರ್ಷ ಒಂದೇ ಸೂರಿನಡಿ ಇದ್ದು ಒಬ್ಬರ ಕೆಲಸವನ್ನು ಇನ್ನೊಬ್ಬರು ಕಲಿಯಲಿಲ್ಲ.

ಈ ವಾರವೇ ಮಾಡಬೇಕಾದ ಐದು ಕೆಲಸಗಳು

ಆದ್ದರಿಂದ ಇಲ್ಲಿ ಕುಳಿತಿರುವ ಗಂಡ ಹೆಂಡಿರು ಈ ವಾರದಲ್ಲಿ ಐದು ಕೆಲಸಗಳನ್ನು ಮಾಡಬೇಕೆಂದು ಕೋರುತ್ತೇನೆ.

1. ಒಂದು ನೋಟುಪುಸ್ತಕ ತನ್ನಿ. ಕೊಡಬೇಕಾದುದು, ಬರಬೇಕಾದುದು, ಒತ್ತೆಯಿಟ್ಟುದು, ಕಂತು ಕಟ್ಟುವ ದಿನ ಎಲ್ಲವನ್ನೂ ಬರೆದು ತಿಂಗಳಿಗೊಮ್ಮೆ ಇಬ್ಬರೂ ಕೂಡಿ ಓದಿ. ಓದು ಬಾರದವರು ಮಕ್ಕಳಿಂದ ಬರೆಯಿಸಿ, ಓದಿಸಿ ಕೇಳಿ.

2. ಪಹಣಿ ತೆಗೆಸಿ ನೋಡಿ. ಅದು ತೀರಿಕೊಂಡ ಹಿರಿಯರ ಹೆಸರಿನಲ್ಲೇ ಇದ್ದರೆ, ಎಲ್ಲರೂ ಬದುಕಿದ್ದು ಎಲ್ಲರ ಮನಸ್ಸೂ ಒಂದಾಗಿರುವಾಗಲೇ ಪೌತಿ ಖಾತೆಗೆ ಅರ್ಜಿ ಹಾಕಿ.

3. ಬ್ಯಾಂಕಿನ, ಅಂಚೆ ಕಚೇರಿಯ ಖಾತೆಗಳಿಗೆ ನಾಮಿನಿ ಯಾರೆಂದು ವಿಚಾರಿಸಿ. ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ತಂದೆಯ ಅಥವಾ ಅಣ್ಣನ ಹೆಸರೇ ಉಳಿದಿರುವುದುಂಟು. ಸಾಧ್ಯವಿದ್ದರೆ ಒಂದು ಜಂಟಿ ಖಾತೆ ಇಟ್ಟುಕೊಳ್ಳಿ.

4. ಇಬ್ಬರ ಹೆಸರಿನಲ್ಲಿಯೂ ವಿಮೆ ಇರಲಿ. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಗೆ 18ರಿಂದ 50 ವರ್ಷದೊಳಗಿನ ಖಾತೆದಾರರು ಸೇರಬಹುದು. 2022ರಲ್ಲಿ ಗೊತ್ತುಪಡಿಸಿದಂತೆ ಅದರ ಕಂತು ವರ್ಷಕ್ಕೆ 436 ರೂಪಾಯಿ. ಅಪಘಾತಕ್ಕೆ ಮಾತ್ರ ಸಂಬಂಧಿಸಿದ ಸುರಕ್ಷಾ ವಿಮೆಗೆ 20 ರೂಪಾಯಿ. ಮರಣ ಸಂಭವಿಸಿದರೆ ಎರಡರಲ್ಲಿಯೂ ನಾಮಿನಿಗೆ 2 ಲಕ್ಷ ರೂಪಾಯಿ ಸಲ್ಲುತ್ತದೆ. ಕಂತನ್ನು ಖಾತೆಯಿಂದಲೇ ಕಳೆಯುವುದರಿಂದ ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಹಣವಿರುವಂತೆ ನೋಡಿಕೊಳ್ಳತಕ್ಕದ್ದು. ವಿಮೆಯಿದೆಯೆಂಬುದು ಮನೆಯವರಿಗೆ ತಿಳಿದಿಲ್ಲವಾದರೆ ಆ ಹಣವನ್ನು ಕೇಳುವವರೇ ಇರುವುದಿಲ್ಲ.

5. ವಾರಕ್ಕೆ ಒಂದು ದಿನ ಕೆಲಸ ಬದಲಾಯಿಸಿಕೊಳ್ಳಿ. ಅಂದು ಗಂಡ ಅಡಿಗೆ ಮಾಡಲಿ, ಮಗುವನ್ನು ಚುಚ್ಚುಮದ್ದಿಗೆ ಕರೆದೊಯ್ಯಲಿ. ಹೆಂಡತಿ ಬ್ಯಾಂಕಿಗೆ, ಸಂಘಕ್ಕೆ, ಮಾರುಕಟ್ಟೆಗೆ ಹೋಗಿ ಬರಲಿ.

ಇನ್ನು, ಈಗಾಗಲೇ ಒಂಟಿಯಾಗಿರುವ ನೆರೆಯವರಿದ್ದರೆ ಅವರಿಗೆ ತಾವು ದಾರಿ ತೋರಿಸಬಹುದು. 1984ರಿಂದ ರಾಜ್ಯದಲ್ಲಿ ನಿರ್ಗತಿಕ ವಿಧವೆಯರಿಗೆ ಮಾಸಾಶನವಿದೆ. 2021ರಲ್ಲಿ ಅದನ್ನು 800 ರೂಪಾಯಿಗೆ ಏರಿಸಲಾಯಿತು. ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸಬೇಕು. ಎಷ್ಟೋ ಮಂದಿಗೆ ಜೊತೆಗೆ ಹೋಗುವವರಿಲ್ಲದೆಯೇ ಅದು ದೊರೆಯದಿರುತ್ತದೆ. ಅನುಕಂಪದ ಮಾತು ನೂರಾಡುವುದಕ್ಕಿಂತ ಒಂದು ದಿನ ಜೊತೆಗೆ ಹೋಗಿಬರುವುದು ಮೇಲು. ಶುಭಕಾರ್ಯಕ್ಕೆ ಅವರನ್ನೂ ಕರೆಯಿರಿ. ಕರೆದು ಮೂಲೆಯಲ್ಲಿ ಕೂರಿಸಬೇಡಿ.

ಸೋದರ ಸೋದರಿಯರೆ, ನನ್ನ ಮಗ ಈಗ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾನೆ. ಮಗಳು ಶಾಲಾ ಶಿಕ್ಷಕಿ. ಹಾರ್ಮೋನಿಯಂ ಅವಳ ಮನೆಯಲ್ಲಿದೆ. ನೋಟುಪುಸ್ತಕ ಮಾತ್ರ ನನ್ನ ಬಳಿಯೇ ಉಳಿದಿದೆ. ಅದರ ಮುಂದಿನ ಹಾಳೆಗಳಲ್ಲಿ ಅವರ ಹಾಡುಗಳು, ಕೊನೆಯ ಹಾಳೆಗಳಲ್ಲಿ ಅವರ ಲೆಕ್ಕ, ಅದರ ಕೆಳಗೆ ನಾನು ಮುಂದುವರಿಸಿದ ಲೆಕ್ಕ. ಒಂದೇ ಪುಟದಲ್ಲಿ ಇಬ್ಬರ ಅಕ್ಷರವೂ ಇದೆ. ಆದರೆ ನನ್ನ ಅಕ್ಷರ ಅಲ್ಲಿ ಸೇರಿದ್ದು ಅವರು ಹೋದ ಮೇಲೆ. ತಮ್ಮ ಪುಸ್ತಕದಲ್ಲಿ ಹಾಗಾಗದಿರಲಿ. ಇಂದು ರಾತ್ರಿ ಊಟವಾದ ಮೇಲೆ, ಮಕ್ಕಳು ಮಲಗಿದ ಮೇಲೆ, ದೀಪದ ಮುಂದೆ ಇಬ್ಬರೂ ಕುಳಿತು ಮೊದಲ ಪುಟವನ್ನು ಬರೆಯಿರಿ. ತಮ್ಮ ಜೋಡಿ ನೂರು ಕಾಲ ಬಾಳಲಿ.